ಹೊಂಡದ ಗಿಡಕ್ಕೆ ಒಂಬತ್ತು ವರ್ಷ ಕಾದ ಬೋರಲಕ್ಕ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಬಸ್ ಡಿಪೊದ ಹಿಂಗೋಡೆಯ ಆಚೆ ಒಂದು ಹೊಂಡ. ಹೊಂಡಕ್ಕೆ ಅಡ್ಡಲಾಗಿ ಒಂದು ಹಲಗೆ. ಆ ಹಲಗೆಯ ಮೇಲೆ ಒಬ್ಬ ಹೆಂಗಸು ಬೋರಲು ಮಲಗಿದ್ದಾರೆ. ಅವರ ಮೂಗಿಗೂ ನೀರಿಗೂ ನಾಲ್ಕೇ ಬೆರಳಿನ ಅಂತರ. ಕಡ್ಡಿಗಳನ್ನೆಲ್ಲ ಕಿತ್ತ ಸೈಕಲ್ ರಿಮ್ಮೊಂದನ್ನು ದಾರ ಕಟ್ಟಿ ನೀರೊಳಗೆ ಇಳಿಬಿಟ್ಟಿದ್ದಾರೆ. ರಿಮ್ಮಿನ ಒಳಗೆ, ಕೆಸರಿನ ಮೇಲೆ, ಹೊಲಿಗೆ ದಾರದಷ್ಟು ತೆಳ್ಳಗಿನ ಹಸಿರು ಎಳೆಗಳು ನಿಂತಿವೆ. ಹೆಂಗಸಿನ ತುಟಿ ಅಲ್ಲಾಡುತ್ತದೆ, ದನಿ ಹೊರಡುವುದಿಲ್ಲ. ಒಂದು ಗಿಡ ಕಂಡಾಗ ಎಡಗಡೆಯ ಡಬ್ಬಿಯಿಂದ ಅಂಗಿಯ ಗುಂಡಿಯೊಂದು ಬಲಗಡೆಯ ಡಬ್ಬಿಗೆ ಹೋಗುತ್ತದೆ.

ಪತ್ರಿಕೆಗೆ ಬರೆಯಲೆಂದು ಬಂದು ದಡದಲ್ಲಿ ನಿಂತ ನಾನು ಒಂದು ಹೆಜ್ಜೆ ಮುಂದಿಡುತ್ತೇನೆ.

"ಅಲ್ಲಾಡ್ಬೇಡಿ ಸಾರ್," ಎನ್ನುತ್ತಾರೆ ಅವರು, ತಲೆಯನ್ನೂ ಎತ್ತದೆ. "ನೀರು ನಡುಗಿದ್ರೆ ಒಂದು ಎರಡಾಗಿ ಕಾಣುತ್ತೆ. ಸುಳ್ಳು ಲೆಕ್ಕ ಬರೆಯೋ ಅಭ್ಯಾಸ ನಂಗಿಲ್ಲ."

ಡಿಪೊದವರು ಇವರನ್ನು ಕರೆಯುವುದೇ ಬೋರಲಕ್ಕ ಎಂದು. ಯಾವಾಗ ನೋಡಿದರೂ ಬೋರಲು ಬಿದ್ದಿರುತ್ತಾರಲ್ಲ, ಅದಕ್ಕೆ. ಇಪ್ಪತ್ತಮೂರು ವರ್ಷದಿಂದ ಇವರ ಕೆಲಸ ಒಂದೇ: ಈ ಹೊಂಡದಲ್ಲಿ ಹುಟ್ಟುವ ಒಂದು ಜಾತಿಯ ಹುಲ್ಲನ್ನು ಎಣಿಸುವುದು. ಗಿಡಗಳ ಅಧ್ಯಯನ ಮಾಡುವ ಕಚೇರಿಯೊಂದು ಅದಕ್ಕಾಗಿಯೇ ಇವರನ್ನು ಇಟ್ಟುಕೊಂಡಿದೆ. ಹೊಂಡದಲ್ಲಿ ಗೂಟ ನೆಟ್ಟ ನಲವತ್ತು ಜಾಗಗಳಿವೆ. ನೀರಿರುವಷ್ಟು ತಿಂಗಳು ದಿನಾ ಬೆಳಿಗ್ಗೆ ನಲವತ್ತು ಕಡೆ ಹಲಗೆ ಸರಿಸಿ, ನಲವತ್ತು ಸಲ ಮಲಗಿ, ನಲವತ್ತು ಸಲ ಏಳಬೇಕು. ಕಾಲಿಟ್ಟರೆ ಕೆಸರೊಳಗಿನ ಬೀಜ ಹಾಳಾಗುತ್ತದೆ ಎಂದು ಈ ಹಲಗೆಯ ಏರ್ಪಾಡು. ಹಲಗೆ ಗುಜರಿಗೆ ಹೋದ ಬಸ್ಸಿನದು. ಮೊಣಕೈಗೆ ಕಟ್ಟಿಕೊಂಡಿರುವುದು ಹಳೆಯ ಟ್ಯೂಬಿನ ತುಂಡು. ಎಣಿಸುವ ಗುಂಡಿಗಳು ಗಂಡನ ಹರಿದ ಅಂಗಿಗಳಿಂದ ಬಿಚ್ಚಿಟ್ಟುಕೊಂಡವು. ಗಂಡ ಇದೇ ಡಿಪೊದಲ್ಲಿ ದೂರದ ಊರುಗಳಿಗೆ ಹೋಗುವ ಬಸ್ಸಿನ ಡ್ರೈವರ್.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ ಸಾರ್," ಎದ್ದು ಕೂತು ಗದ್ದ ಒರೆಸಿಕೊಳ್ಳುತ್ತಾ ನಗುತ್ತಾರೆ. "ನಂಗೆ ಕೈ ಏನು, ಮೂಗು ಗದ್ದ ಎಲ್ಲಾ ಕೆಸರಾಯ್ತು. ಮೊಸರು ಎಲ್ಲಿದೆ ಅಂತ ಇನ್ನೂ ಹುಡುಕ್ತಾ ಇದ್ದೀನಿ."

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅತ್ತೆ ನಂಬಿರಲಿಲ್ಲವಂತೆ. ಹುಲ್ಲು ಎಣಿಸಿದರೆ ಸಂಬಳ ಕೊಡುವ ಪುಣ್ಯಾತ್ಮರು ಯಾರು, ಸೊಸೆ ಏನೋ ಮುಚ್ಚಿಡುತ್ತಿದ್ದಾಳೆ ಎಂದು ಒಂದು ದಿನ ಹಿಂದೆಯೇ ಬಂದು ಬೇಲಿಯ ಸಂದಿಯಿಂದ ನೋಡಿದರಂತೆ. ಮನೆಗೆ ಹೋಗಿ ಮಗನಿಗೆ ಹೇಳಿದ್ದು ಇಷ್ಟೇ: "ನಿನ್ನ ಹೆಂಡ್ತಿ ನಿಜ ಹೇಳಿದ್ಲು ಕಣೋ. ಅದೇ ನಂಗೆ ಭಯ."

ಗಿಡದ ವಿಷಯಕ್ಕೆ ಬರೋಣ. ಅದಕ್ಕೆ ನಾಲಿಗೆ ತೊಡರಿಸುವ ದೊಡ್ಡ ಹೆಸರೊಂದಿದೆ. ಡಿಪೊದವರು ಸೋಮಾರಿ ಗಿಡ ಎನ್ನುತ್ತಾರೆ. ವರ್ಷದ ಬಹುಪಾಲು ಹೊಂಡ ಒಣಗಿ ಬಿರುಕು ಬಿಟ್ಟಿರುತ್ತದೆ. ಬಿರುಕಿನೊಳಗೆ ಸಾಸಿವೆಗಿಂತ ಸಣ್ಣ ಬೀಜ ಮಲಗಿರುತ್ತದೆ. ಮಳೆ ಬಂದು ನೀರು ನಿಂತ ತಕ್ಷಣ ಉಳಿದ ಹುಲ್ಲೆಲ್ಲ ಗಡಿಬಿಡಿಯಲ್ಲಿ ಎದ್ದರೆ, ಇದು ಏಳುವುದಿಲ್ಲ. ಒಂದು ತಿಂಗಳಿಗೂ ಮೇಲೆ ನೀರಿನಡಿಯಲ್ಲಿ ಬಿದ್ದಿದ್ದು, ಮೈಮೇಲೆ ಬೂಷ್ಟು ಹಿಡಿಸಿಕೊಂಡು, ಆ ಬೂಷ್ಟಿನಿಂದ ಸಿಪ್ಪೆ ಮೆತ್ತಗಾದ ಮೇಲೆಯೇ ಮೊಳೆಯುತ್ತದೆ. ಬೇರೆ ಬೀಜ ಕೊಳೆಯುವ ಕಡೆ ಇದಕ್ಕೆ ಎಚ್ಚರವಾಗುತ್ತದೆ. ಮೊದಲು ನೀರಿನೊಳಗೆ ದಾರದಂಥ ಎಲೆ. ಕೆಲವು ವಾರ ಕಳೆದರೆ ಆ ಎಲೆ ಬಿಟ್ಟು ನೀರಿನ ಮೇಲೆ ತೇಲುವ ರಿಬ್ಬನ್ನಿನಂಥ ಎಲೆ. ನೀರು ಇಂಗಿ ಕೆಸರಾದಾಗ ಅದೂ ಹೋಗಿ, ಸುಡುವ ಬಿಸಿಲಿಗೆ ತಕ್ಕ ಅಂಟಂಟು ಎಲೆ. ಆಮೇಲೆ ಹೂವು. ಸುತ್ತಲಿನ ಹಸಿರೆಲ್ಲ ಸುಟ್ಟುಹೋದ ಹೊತ್ತಿನಲ್ಲಿ ಇದು ತೆನೆ ಬಿಡುತ್ತದೆ. ಬೀಜ ಕೂಡಲೇ ಉದುರುವುದಿಲ್ಲ. ಒಣಗಿದ ತಾಯಿಗಿಡ ಅದನ್ನು ಹಿಡಿದುಕೊಂಡೇ ನಿಂತಿದ್ದು ಮುಂದಿನ ಮೊದಲ ಮಳೆಗೆ ಕೆಳಗೆ ಬಿಡುತ್ತದೆ.

ಎಲ್ಲ ಬೀಜವೂ ಮರುವರ್ಷ ಏಳುವುದಿಲ್ಲ ಎಂಬುದು ಇನ್ನೂ ವಿಚಿತ್ರ. ನೂರರಲ್ಲಿ ಹತ್ತೋ ಹದಿನೈದೋ ಎದ್ದರೆ, ಉಳಿದವು ಮಗ್ಗಲು ಬದಲಿಸಿ ಮಲಗುತ್ತವೆ. ಐದು ವರ್ಷ, ಎಂಟು ವರ್ಷ, ಹನ್ನೆರಡು ವರ್ಷ. ಒಂದು ಕೆಟ್ಟ ವರ್ಷ ಎದ್ದವರನ್ನೆಲ್ಲ ಕೊಂದರೂ ಮಲಗಿದವರು ಉಳಿಯಲಿ ಎಂಬ ಲೆಕ್ಕಾಚಾರ. ಬಸ್ಸು ಐದು ನಿಮಿಷ ತಡವಾದರೆ ಕಂಟ್ರೋಲರ್ ಹತ್ತಿರ ಹೋಗಿ ಜಗಳ ತೆಗೆಯುವ ಜಾತಿಯವನು ನಾನು. ಹನ್ನೆರಡು ವರ್ಷ ಎಂಬ ಮಾತು ಕೇಳಿದಾಗಲೇ ನನಗೆ ಆಕಳಿಕೆ ಬಂತು, ಬೋರಲಕ್ಕ ಅದನ್ನು ನೋಡಿದರು.

"ನಂಗೂ ಮೊದಲು ಹಾಗೇ ಆಗ್ತಿತ್ತು," ಎಂದರು. "ಆಮೇಲೆ ಹೂವು ನೋಡಿದೆ. ಅಲ್ಲಿಗೆ ಮುಗೀತು ನನ್ನ ಕಥೆ."

ಆ ಹೂವನ್ನು ಅವರು ಕೊನೆಯ ಸಲ ನೋಡಿ ಹತ್ತು ವರ್ಷವಾಗಿದೆ. ಈ ಬೇಸಿಗೆಯ ಕೊನೆಗೆ ಅವರಿಗೆ ಅರವತ್ತು ತುಂಬಿ ಕೆಲಸ ಮುಗಿಯುತ್ತದೆ. ಅಷ್ಟರೊಳಗೆ ಹೊಂಡದಲ್ಲಿ ಗಿಡ ತೆನೆಗಟ್ಟಬೇಕು, ಬೀಜವಾಗಬೇಕು. ಬೇರೆ ಏನೂ ಬೇಡ ಅವರಿಗೆ. ಏಕೆಂದರೆ ಹೊಂಡ ಬರಿದಾಗಲು ಕಾರಣ ತಾವೇ ಎಂದು ಅವರು ನಂಬಿದ್ದಾರೆ. ನಂಬಿಕೆ ಪೂರ್ತಿ ಸುಳ್ಳೂ ಅಲ್ಲ.

ಅವರು ಹೇಳಿದಂತೆಯೇ ಬರೆಯುತ್ತೇನೆ. ಒಂಬತ್ತು ವರ್ಷದ ಹಿಂದೆ ಮಳೆ ಅರ್ಧಕ್ಕೆ ನಿಂತಿತು. ಗಿಡಗಳು ತೇಲುವ ಎಲೆ ಬಿಟ್ಟ ಹೊತ್ತಿಗೇ ನೀರು ತಳ ಹಿಡಿಯಿತು. ಎಲೆಗಳು ಕೆಸರಿಗೆ ಅಂಟಿಕೊಂಡು ಸಾಯುವುದನ್ನು ದಿನಾ ಬೆಳಿಗ್ಗೆ ನಾಲ್ಕು ಬೆರಳು ದೂರದಿಂದ ನೋಡಿದರು. ಊಟ ಸೇರಲಿಲ್ಲ. ಗಂಡ ಎಂಟು ದಿನ ನೋಡಿದರು. ಒಂಬತ್ತನೆಯ ದಿನ ಡಿಪೊದ ಮೇಲ್ವಿಚಾರಕರನ್ನು ಗುಟ್ಟಾಗಿ ಒಪ್ಪಿಸಿ, ಬಸ್ಸು ತೊಳೆಯುವ ಪೈಪನ್ನು ಗೋಡೆಯ ಮೇಲಿನಿಂದ ಎಳೆದು ತಂದು ಹೊಂಡಕ್ಕೆ ನೀರು ಬಿಟ್ಟರು. ಬೋರಲಕ್ಕ ಬೇಡ ಎನ್ನಲಿಲ್ಲ. ಸತ್ತ ಗಿಡ ಬದುಕಲಿಲ್ಲ, ಆದರೂ ನೀರು ನಿಲ್ಲಿಸಲು ಮನಸ್ಸು ಬರಲಿಲ್ಲ. ನಲವತ್ತು ದಿನ ಗಂಡ ಹೆಂಡತಿ ಹೊಂಡವನ್ನು ತುಂಬಿಸುತ್ತಲೇ ಇದ್ದರು. ಒಂದು ಬೆಳಿಗ್ಗೆ ರಿಮ್ ಇಳಿಬಿಟ್ಟು ನೋಡಿದರೆ ತಳವೆಲ್ಲ ಹಸಿರು ದಾರ! ಡಬ್ಬಿಯ ಗುಂಡಿಗಳು ಸಾಲಲಿಲ್ಲ. ಎಣಿಸಿ ಮುಗಿಸಲು ಮೂರು ದಿನ ಹಿಡಿಯಿತು. ನಾಲ್ಕು ಸಾವಿರದ ಮುನ್ನೂರ ಹದಿನಾರು.

"ಅಷ್ಟು ದೊಡ್ಡ ಲೆಕ್ಕ ನನ್ನ ಜನ್ಮದಲ್ಲಿ ಬರೆದಿರ್ಲಿಲ್ಲ ಸಾರ್. ಇವರಿಗೆ ಹೇಳ್ದೆ, ನೋಡ್ರೀ, ನಾಲ್ಕು ಸಾವಿರ ಅಂತ. ಇಬ್ರೂ ಹುಚ್ಚರ ಥರ ನಕ್ವಿ. ಗಿಡದ ಮೇಡಂಗೆ ಫೋನ್ ಮಾಡ್ದೆ. ಅವರು ನಗ್ಲಿಲ್ಲ."

ಗಿಡದ ಮೇಡಂ ಎಂದರೆ ಕಚೇರಿಯ ವಿಜ್ಞಾನಿ, ಬೋರಲಕ್ಕನ ಮೇಲಧಿಕಾರಿ. ಅವರು ಆ ದಿನವೇ ಬಂದು ವಿವರಿಸಿದರು. ಹೊಂಡ ಒಮ್ಮೆ ಒಣಗಿ ಮತ್ತೆ ತುಂಬಿದಾಗ, ಮಲಗಿದ್ದ ಬೀಜಗಳು ಹೊಸ ವರ್ಷದ ಒಳ್ಳೆಯ ಮಳೆ ಬಂತೆಂದು ತಿಳಿದವು. ಎಷ್ಟೋ ವರ್ಷದಿಂದ ಕಾಪಾಡಿಕೊಂಡು ಬಂದ ದಾಸ್ತಾನೆಲ್ಲ ಒಟ್ಟಿಗೇ ಎದ್ದುಬಿಟ್ಟಿತು. ಇನ್ನು ಇವನ್ನು ಹೂ ಬಿಡುವವರೆಗೆ ಸಾಕಲೇಬೇಕು. ಸಾಕಲಾಗಲಿಲ್ಲ. ಅದೇ ವಾರ ಡಿಪೊದ ಕೊಳವೆಬಾವಿಯೇ ಬತ್ತಿತು, ಬಸ್ಸುಗಳಿಗೂ ಒದ್ದೆ ಬಟ್ಟೆಯ ಒರೆಸಾಟವೇ ಗತಿಯಾಯಿತು. ನಾಲ್ಕು ಸಾವಿರದ ಮುನ್ನೂರ ಹದಿನಾರರಲ್ಲಿ ಒಂದೂ ತೇಲುವ ಎಲೆಯ ತನಕ ಬರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ದೊಣ್ಣೆ ಹಿಡಿದಿದ್ದು ಪ್ರೀತಿ.

"ಮೇಡಂ ಬೈಯ್ಲಿಲ್ಲ. ಬೈದಿದ್ರೆ ಹಗುರಾಗ್ತಿತ್ತು," ಎನ್ನುತ್ತಾರೆ ಬೋರಲಕ್ಕ. "ಮಲಗಿದ್ದೋರನ್ನ ಮಂಗ ಮಾಡಿ ಎಬ್ಬಿಸಿ ಬೀದಿಗೆ ಬಿಟ್ಟೆ ನಾನು."

ಆಮೇಲಿನ ಲೆಕ್ಕ ರಿಜಿಸ್ಟರಿನಲ್ಲಿದೆ. ಸೊನ್ನೆ, ಸೊನ್ನೆ, ಮೂರು, ಸೊನ್ನೆ, ಹದಿನೇಳು, ಸೊನ್ನೆ, ಎರಡು, ಸೊನ್ನೆ. ಬಂದ ಮೂರೂ ಹದಿನೇಳೂ ಎರಡೂ ಹೂವಿನ ತನಕ ನಡೆಯಲಿಲ್ಲ. ಸೊನ್ನೆಯ ವರ್ಷಗಳಲ್ಲೂ ಇವರು ದಿನಾ ನಲವತ್ತು ಸಲ ಮಲಗಿ ನಲವತ್ತು ಸಲ ಎದ್ದಿದ್ದಾರೆ. ಏನೂ ಇಲ್ಲ ಎಂದು ಬರೆಯಲಿಕ್ಕೂ ಪೂರ್ತಿ ನೋಡಲೇಬೇಕಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದು ನಾವು ಸುಲಭವಾಗಿ ಬರೆಯುತ್ತೇವೆ. ಅದು ಹೇಗಿರುತ್ತದೆಂದು ನಾನು ನೋಡಿದ್ದು ಈ ಹಲಗೆಯ ಮೇಲೆ.

ಈ ವರ್ಷ ಅರವತ್ತನಾಲ್ಕು ಮೊಳೆತಿವೆ.

ಒಂದು ಬೆಳಗಿನಲ್ಲಿ ಮುಗಿಸುವ ಬರಹವೆಂದು ಹೊರಟವನು ನಾನು. ಅರವತ್ತನಾಲ್ಕು ಎಂಬ ಸಂಖ್ಯೆ ತಲೆಯಲ್ಲಿ ಕೂತು ಬಿಡಲಿಲ್ಲ. ಏಳು ವಾರದ ಮೇಲೆ ಮತ್ತೆ ಹೋದೆ. ನಮ್ಮ ಪುರವಣಿಯ ಸಂಪಾದಕರು ಆಗಲೇ ಎರಡು ಸಲ ಕೇಳಿದ್ದರು, ನಿನ್ನ ಲೇಖನವೂ ಕೆಸರಲ್ಲಿ ಮಲಗಿದೆಯೇನಯ್ಯ ಎಂದು.

ಎರಡನೆಯ ಸಲ ಹೋದಾಗ ಹೊಂಡದಲ್ಲಿ ಒಂದು ಬೆರಳು ನೀರು. ತೇಲುವ ಎಲೆಗಳು ನೀರಿನ ಮೇಲೆ ಉದ್ದಕ್ಕೆ ಚಾಚಿಕೊಂಡಿವೆ. ಇನ್ನು ಹದಿನೈದು ದಿನ ಕೆಸರು ಹಸಿಯಾಗಿ ಉಳಿದರೆ ಮೂರನೆಯ ಬಗೆಯ ಎಲೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಆಕಾಶದಲ್ಲಿ ಮೋಡದ ಸುಳಿವಿಲ್ಲ. ಗೋಡೆಯ ಆಚೆ ಬಸ್ಸು ತೊಳೆಯುವ ಸದ್ದು ನಮಗೆ ಚೆನ್ನಾಗಿ ಕೇಳಿಸುತ್ತಿದೆ. ನೀರು ಸುರಿಯುವ ಸದ್ದು.

"ಒಂದೆರಡು ಬಕೆಟ್ ಹಾಕಿದರೆ?" ಎಂದುಬಿಟ್ಟೆ. ಕಥೆ ಪೂರ್ತಿ ಕೇಳಿಸಿಕೊಂಡ ಮೇಲೂ ಅಂದೆ. ನನ್ನ ಬುದ್ಧಿಗಿಷ್ಟು!

ಅವರು ಸಿಟ್ಟಾಗಲಿಲ್ಲ. "ನಂಗೂ ಅನ್ಸುತ್ತೆ ಸಾರ್. ದಿನಾ ಅನ್ಸುತ್ತೆ. ಆದ್ರೆ ಕೆಳಗೆ ಇನ್ನೂ ನಾಲ್ಕು ಜನ ಮಲಗಿರಬಹುದು. ಅವರಿಗೆ ಏನಂತ ಹೇಳ್ಲಿ?" ಗೋಡೆಯ ಕಡೆಗೊಮ್ಮೆ ನೋಡಿ, "ಕೈ ಕಟ್ಟಿ ಕೂರೋದೂ ಕೆಲಸಾನೇ. ಹಾಗೆ ನೋಡಿದ್ರೆ ಇದಕ್ಕೇ ಸಂಬಳ ಜಾಸ್ತಿ ಕೊಡ್ಬೇಕು," ಎಂದರು. ದನಿಯಲ್ಲಿ ತಮಾಷೆಯಿತ್ತು. ಬೆರಳುಗಳು ಸೆರಗಿನ ತುದಿಯನ್ನು ಹಿಂಡುತ್ತಿದ್ದವು.

ಅವರ ಮನೆ ಡಿಪೊದ ವಸತಿಗೃಹದ ಮೂರನೆಯ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಹೊಂಡ ಕಾಣುವ ಒಂದು ಕಿಟಕಿ. ಮೊಳೆಗೆ ತೂಗುಹಾಕಿದ ರಿಮ್ಮಿನಿಂದ ಕೆಸರು ಒಣಗಿ ನೆಲಕ್ಕೆ ಉದುರಿದೆ. ಡ್ರೈವರ್ ಅವತ್ತು ಮನೆಯಲ್ಲಿದ್ದರು. ದೊಡ್ಡ ಆಳು, ದೊಡ್ಡ ಮೀಸೆ. ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಹಾಕಿಕೊಂಡಿದ್ದರು. ಬೆಳಕಿಗೆ ತಿರುಗಿ ಕೂರಬಾರದೇ ಎಂದು ನಾನು ಕೇಳಿದೆ. ಬೋರಲಕ್ಕ ಚಹಾದ ಲೋಟ ಇಡುತ್ತಾ, "ಒಂಬತ್ತು ವರ್ಷದಿಂದ ಆ ಕುರ್ಚಿ ಹಾಗೇ ಇರೋದು," ಎಂದರು. ಆ ಹೊಂಡದ ಕಡೆ ಅವರು ಕಾಲಿಟ್ಟಿಲ್ಲವಂತೆ. ಡ್ಯೂಟಿಗೆ ಹೋಗುವಾಗಲೂ ಮುಂದಿನ ಗೇಟಿನಿಂದ ಸುತ್ತಿ ಹೋಗುತ್ತಾರೆ.

"ನಂಗೇನ್ ಗೊತ್ತು ಸಾರ್?" ಎಂದರು ಡ್ರೈವರ್. "ಗಿಡ ಒಣಗಿದ್ರೆ ನೀರು ಹಾಕ್ಬೇಕು, ಇಂಜಿನ್ ಕಾದ್ರೆ ನೀರು ಹಾಕ್ಬೇಕು. ನಂಗೆ ಗೊತ್ತಿದ್ದಿದ್ದು ಅಷ್ಟೇ. ಇವಳು ಊಟ ಬಿಟ್ಟು ಕೂತಿದ್ಲು. ನೋಡೋಕಾಗ್ಲಿಲ್ಲ." ಚಹಾ ಕುಡಿದು ಲೋಟ ಕೆಳಗಿಟ್ಟರು. "ಇವಳು ರಿಜಿಸ್ಟರಲ್ಲಿ ತಾನೇ ನೀರು ಹಾಕಿದ್ದು ಅಂತ ಬರೆದು ಸೈನ್ ಮಾಡಿದ್ಲು. ಪೈಪ್ ಎಳೆದೋನು ನಾನು. ನನ್ನ ಸುದ್ದೀನೇ ಇಲ್ಲ ಅದರಲ್ಲಿ."

"ಬರೆದಿದ್ರೆ ನಿಮ್ಮ ಕೆಲಸಕ್ಕೆ ಕುತ್ತು ಬರ್ತಿತ್ತು ಕಣ್ರೀ."

"ಬರ್ಲಿ."

ಈ ಜಗಳ ಇವತ್ತಿನದಲ್ಲ ಎಂದು ನನಗೆ ತಿಳಿಯಿತು. ನಾನು ಚಹಾ ಕುಡಿದೆ. ಕೊನೆಗೆ ಬೋರಲಕ್ಕನೇ ನಕ್ಕು ಮಾತು ತಿರುಗಿಸಿದರು: "ನೋಡಿ ಸಾರ್, ಇವರು ದಿನ ಬಿಟ್ಟು ದಿನ ಬರ್ತಾರೆ, ಅದು ವರ್ಷ ಬಿಟ್ಟು ವರ್ಷ ಬರುತ್ತೆ. ಕಾಯೋ ಕೆಲಸ ಮಾತ್ರ ನಂದೇ."

ನಾನು ಊರಿಗೆ ಬಂದ ಮೇಲೆ ನಾಲ್ಕು ದಿನಕ್ಕೊಮ್ಮೆ ಫೋನ್ ಮಾಡಿದೆ. ಐವತ್ತು ಉಳಿದಿವೆ. ಮೂವತ್ತೊಂದು. ಕೆಸರಿನ ಮೇಲೆ ಪದರ ಕಟ್ಟಿದೆ, ಇಪ್ಪತ್ತು. ಒಂದು ಬೆಳಿಗ್ಗೆ ಎತ್ತಿದವರು ಮಾತಾಡಲೇ ಇಲ್ಲ. ನಾನು ಹಲೋ ಹಲೋ ಎನ್ನುತ್ತಿದ್ದೆ, ಆಚೆ ಕಡೆ ಉಸಿರು ಮಾತ್ರ. ಆಮೇಲೆ ದನಿ ಬಂತು: "ಹನ್ನೊಂದಕ್ಕೆ ಹೊಸ ಎಲೆ ಬಂದಿದೆ ಸಾರ್. ಮುಟ್ಟಿದ್ರೆ ಅಂಟುತ್ತೆ."

ಮೂರನೆಯ ಸಲ ಹೋದಾಗ ಹೊಂಡವೆಲ್ಲ ಬಿರುಕು ಬಿಟ್ಟಿದೆ. ಬೆಳಗಿನ ಏಳಕ್ಕೇ ಬಿಸಿಲು ನೆತ್ತಿ ಸುಡುತ್ತಿದೆ. ಸುತ್ತಲಿನ ಹುಲ್ಲು ಸುಟ್ಟ ಕಾಗದದ ಬಣ್ಣಕ್ಕೆ ತಿರುಗಿದೆ. ನಡುವೆ ಹನ್ನೊಂದು ಗಿಡ, ಒಂದು ಗೇಣು ಎತ್ತರ, ಬೂದಿ ಮೆತ್ತಿದ ಹಸಿರು. ಹತ್ತಿರ ಹೋದರೆ ನಿಂಬೆ ಸಿಪ್ಪೆಯನ್ನು ಹಸಿ ಬಣ್ಣದ ಡಬ್ಬಿಯಲ್ಲಿ ಅದ್ದಿದಂಥ ಘಾಟು. ತುದಿಯಲ್ಲಿ ಕಿರುಬೆರಳಿನಷ್ಟು ತೆನೆ. ಹೂವು ಎಲ್ಲಿ ಎಂದು ಹುಡುಕಿದೆ. ಅದೇ ಹೂವು! ದಳವಿಲ್ಲ, ಬಣ್ಣವಿಲ್ಲ, ಗಾಳಿ ಬೀಸಿದರೆ ಒಂದು ಚಿಟಿಕೆ ಹಳದಿ ಪುಡಿ ಹಾರುತ್ತದೆ. ಇಷ್ಟೇನಾ ಎಂಬ ಮಾತನ್ನು ನುಂಗಿಕೊಂಡೆ, ಮುಖ ನುಂಗಿಕೊಳ್ಳಲಿಲ್ಲ.

"ಹೆತ್ತವರಿಗೆ ಹೆಗ್ಗಣ ಮುದ್ದು ಬಿಡಿ ಸಾರ್," ಎಂದು ಬೋರಲಕ್ಕ ಬಾಯಿ ತುಂಬ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಗಿಡದ ಮೇಡಂ ಕೂಡ ಬಂದಿದ್ದರು. ನಾವು ಮೂವರೂ ದಡದಲ್ಲಿ ನಿಂತಿದ್ದಾಗ ಬೇಲಿಯ ಬಾಗಿಲು ಕಿರುಗುಟ್ಟಿತು. ಡ್ರೈವರ್. ಡ್ಯೂಟಿ ಇಳಿದು ನೇರ ಬಂದಿದ್ದರು, ಅಂಗಿಯ ಬೆನ್ನು ಬೆವರಿನಿಂದ ಒದ್ದೆ. ಒಳಗೆ ಬರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ. ಬೋರಲಕ್ಕ ಒಂದು ಮಾತೂ ಕೇಳದೆ ಹಲಗೆಯನ್ನು ಹೊತ್ತು ತಂದು, ಹತ್ತಿರದ ಗಿಡದ ಪಕ್ಕಕ್ಕೆ ಸೇರುವಂತೆ ಹಾಸಿದರು.

"ಚಪ್ಪಲಿ ಬಿಟ್ಟು ಬನ್ನಿ. ಬಿರುಕಿನ ಮೇಲೆ ಕಾಲಿಡ್ಬೇಡಿ."

ಆ ದೊಡ್ಡ ಆಳು ಹಲಗೆಯ ಮೇಲೆ ಮೊಣಕಾಲೂರಿ, ಹೊಟ್ಟೆಯನ್ನು ಹೇಗೋ ಹೊಂದಿಸಿಕೊಂಡು ಬೋರಲು ಮಲಗಿದರು. ಹಲಗೆ ನರಳಿತು. ಮುಖವನ್ನು ತೆನೆಯ ಹತ್ತಿರ ಹಿಡಿದು ತುಂಬ ಹೊತ್ತು ಹಾಗೇ ಇದ್ದರು. ಎದ್ದು ಕೂತಾಗ ಮೀಸೆಯ ತುಂಬ ಹಳದಿ ಪುಡಿ.

"ಇದಕ್ಕಾ ನಾನು ಅಷ್ಟು ನೀರು ಹಾಕಿದ್ದು?" ಎಂದರು. ನಗಬೇಕೆಂದೇ ಹೇಳಿದ ಮಾತು, ಆದರೆ ಕಣ್ಣು ತೆನೆಯ ಮೇಲೇ ಇತ್ತು. ಹೆಂಡತಿ ಸೆರಗಿನಿಂದ ಅವರ ಮೀಸೆ ಒರೆಸಿದರು. ನಾನೂ ಮೇಡಂ ಇಬ್ಬರೂ ಡಿಪೊದ ಗೋಡೆಯನ್ನು ನೋಡುತ್ತಾ ನಿಂತೆವು.

ಆಮೇಲೆ ಮೇಡಂ ಕೆಲಸದ ಮಾತಿಗೆ ಬಂದರು. ಒಂದು ತೆನೆ ಬಲಿತ ಮೇಲೆ ಅದನ್ನು ಕಿತ್ತು ಕಚೇರಿಗೆ ಕಳಿಸಬೇಕು, ಬಿಡಿಸಿ ಬೀಜ ಎಣಿಸಬೇಕು, ಹಳೆಯ ಒಳ್ಳೆಯ ವರ್ಷಗಳಲ್ಲಿ ಹಾಗೇ ಮಾಡುತ್ತಿದ್ದುದು. ಬೋರಲಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡರು.

"ಮೇಡಂ, ನೀವು ಎಣಿಸು ಅಂದಿದ್ದನ್ನೆಲ್ಲ ಇಪ್ಪತ್ತಮೂರು ವರ್ಷ ಎಣಿಸಿದ್ದೀನಿ. ಒಂದು ದಿನ ಇಲ್ಲ ಅಂದಿಲ್ಲ. ಇದನ್ನ ಮಾತ್ರ ನನ್ನ ಕೈಲಿ ಕೀಳಿಸ್ಬೇಡಿ. ಹನ್ನೊಂದೂ ಇಲ್ಲೇ ಇರ್ಲಿ."

ಮೇಡಂ ಪೆನ್ನಿಗೆ ಮುಚ್ಚಳ ಹಾಕಿ ಚೀಲದೊಳಗೆ ಇಟ್ಟುಕೊಂಡರು.

ಇನ್ನು ಹನ್ನೆರಡು ದಿನಕ್ಕೆ ಬೋರಲಕ್ಕನ ಕೆಲಸ ಮುಗಿಯುತ್ತದೆ. ಈ ಬೀಜ ಉದುರುವ ಮಳೆಯ ದಿನ ಅವರು ಇಲ್ಲಿರುವುದಿಲ್ಲ. ಹಲಗೆ, ಡಬ್ಬಿ, ರಿಮ್ಮು ಎಲ್ಲ ಕಚೇರಿಗೆ ಹೋಗುತ್ತವೆ. ಈ ಬೀಜಗಳಲ್ಲಿ ಹೆಚ್ಚಿನವು ಇನ್ನು ಎಷ್ಟೋ ವರ್ಷ ಏಳುವುದೂ ಇಲ್ಲ. ಅವು ಏಳುವಾಗ ಇವರಿಗೆ ಎಪ್ಪತ್ತೋ ಎಪ್ಪತ್ತೆರಡೋ. ಇದನ್ನೆಲ್ಲ ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ಆದರೂ ಹೊರಡುವಾಗ ಪತ್ರಕರ್ತನ ಚಪಲ, ಒಂದು ಸಂಖ್ಯೆ ಬೇಕಿತ್ತು. ಸುಮಾರಾಗಿ ಹೇಳಿ, ಈ ಹನ್ನೊಂದು ಗಿಡದಲ್ಲಿ ಒಟ್ಟು ಎಷ್ಟು ಬೀಜವಾಗಬಹುದು ಎಂದು ಕೇಳಿದೆ.

"ಗೊತ್ತಿಲ್ಲ ಸಾರ್," ಎಂದರು. ಆ ಮಾತನ್ನು ಅಷ್ಟು ಸಂತೋಷವಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. "ಮಲಗೋಕೆ ಹೊರಟಿದಾವೆ. ಮಲಗೋರನ್ನ ಎಬ್ಬಿಸಿ ಯಾರಾದ್ರೂ ಎಣಿಸ್ತಾರಾ?"